ಬಿಸಿ ಇಟ್ಟಿಗೆ

ಆ ಬೇಕರಿ ಮನೆಯ ಬುದ್ಧಿಯೆಲ್ಲ ಹಿಟ್ಟಿನಿಂದ ಹುಟ್ಟಿದ್ದು. ಹಿಟ್ಟು ಬೆಚ್ಚಗಿದ್ದರೆ ಉಬ್ಬುತ್ತದೆ, ತಣ್ಣಗಾದರೆ ಕೂತುಬಿಡುತ್ತದೆ. ಹಿಟ್ಟಿನ ಮಟ್ಟಿಗೆ ಸರಿಯೇ. ಅತ್ತೆ ಅದನ್ನು ಮನುಷ್ಯರ ಮೇಲೂ ಹೇರಿಬಿಟ್ಟಿದ್ದರು.

ಮದುವೆಯಾಗಿ ನಾಲ್ಕು ವರ್ಷವಾದರೂ ಸೊಸೆಗೆ ಮಕ್ಕಳಾಗಲಿಲ್ಲ. "ನಿನ್ನ ಮೈಯೇ ತಣ್ಣಗಿದೆ ಕಣೇ, ನೀನು ಮುಟ್ಟಿದ್ರೆ ಹಿಟ್ಟೂ ಏಳಲ್ಲ" ಎಂದು ಅತ್ತೆ ತೀರ್ಪು ಕೊಟ್ಟು, ನಾದುವ ಮೇಜಿನಿಂದ ಅವಳನ್ನು ಎಬ್ಬಿಸಿ ತಟ್ಟೆ ತೊಳೆಯಲು ಕಳಿಸಿದರು. ಅರ್ಧ ಗಂಟೆ ಗೋಡೆಗೆ ಕಾಲೆತ್ತಿ ಮಲಗು ಎಂದರು, ಮಲಗಿದಳು. ಓಡಾಡಬೇಡ ಎಂದರು, ಅದಕ್ಕೂ ಹೂಂ ಎಂದಳು. ಮಗನಿಗಾದರೆ ಉಪಚಾರ. ದಿನಾ ಮಧ್ಯಾಹ್ನ ಒಲೆಯಿಂದ ತೆಗೆದ ಇಟ್ಟಿಗೆಯನ್ನು ಗೋಣಿಬಟ್ಟೆಯಲ್ಲಿ ಸುತ್ತಿ ಅವನ ತೊಡೆಯ ಮೇಲಿಡುತ್ತಿದ್ದರು. ಬೀಜ ಬೆಚ್ಚಗಿರಬೇಕಂತೆ!

ಕೊನೆಗೆ ಸೊಸೆಯೇ ಹಟ ಹಿಡಿದು ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಳು. ಇಬ್ಬರ ಪರೀಕ್ಷೆಯೂ ಆಯಿತು.

"ನಿಮ್ಮದೆಲ್ಲ ಸರಿಯಾಗಿದೆಯಮ್ಮ" ಎಂದರು ಡಾಕ್ಟರಮ್ಮ. "ಇವರಲ್ಲಿ ವೀರ್ಯಾಣು ಕಡಿಮೆ ಇದೆ."

"ನನಗಾ? ಐವತ್ತು ಕೇಜಿ ಮೂಟೆ ಒಬ್ಬನೇ ಎತ್ತುತ್ತೀನಿ ಡಾಕ್ಟ್ರೇ."

"ಮೂಟೆಗೂ ಇದಕ್ಕೂ ಸಂಬಂಧ ಇಲ್ಲಪ್ಪ."

ಇಟ್ಟಿಗೆಯ ಸಂಗತಿಯನ್ನು ಸೊಸೆ ಬಾಯಿಬಿಟ್ಟಾಗ ಡಾಕ್ಟರಮ್ಮನ ಪೆನ್ನು ನಿಂತಿತು. "ಅಯ್ಯೋ ದೇವರೇ! ಆ ಜಾಗ ಮೈಗಿಂತ ತಂಪಾಗಿರಬೇಕು. ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಆದರೆ ಇವತ್ತೇ ನಿಲ್ಲಿಸಿ. ಒಲೆ ಮುಂದೆ ನಿಲ್ಲೋದನ್ನೂ ಕಡಿಮೆ ಮಾಡಿ. ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡೋಣ. ನೀವು ಕಾಲೆತ್ತಿದ್ರೂ ಇಳಿಸಿದ್ರೂ ಒಂದೇ ಕಣಮ್ಮ."

ಸೊಸೆಗೆ ಅಲ್ಲೇ ಅಳು ಬಂತು. ನಾಲ್ಕು ವರ್ಷ ಹೊತ್ತದ್ದು ತನ್ನ ಹೊರೆಯಾಗಿರಲೇ ಇಲ್ಲ.

ಬಸ್ಸಿನಲ್ಲಿ ಗಂಡ ಕಿಟಕಿಯ ಕಡೆ ಮುಖ ಮಾಡಿ, "ಅಮ್ಮನಿಗೆ ಈಗಲೇ ಹೇಳ್ಬೇಡ" ಎಂದ.

"ಕೇಳಿದ್ರೆ ಏನು ಹೇಳ್ಲಿ ರೀ?"

"ಏನೂ ಹೇಳ್ಬೇಡ. ನಾನೇ ಹೇಳ್ತೀನಿ."

ಹೇಳಲಿಲ್ಲ. ಹನ್ನೊಂದು ದಿನ ಬಾಯಿಗೆ ಬೀಗ ಜಡಿದುಕೊಂಡು ತಿರುಗಿದ. ಸೆಕೆ ಎಂದೋ ಕೆಲಸವಿದೆ ಎಂದೋ ಇಟ್ಟಿಗೆಯಿಂದ ಮಾತ್ರ ಜಾಣತನದಿಂದ ತಪ್ಪಿಸಿಕೊಂಡ. ಸೊಸೆ ತಟ್ಟೆ ತೊಳೆಯುತ್ತಲೇ ಇದ್ದಳು. ಅವಳ ಸಿಟ್ಟು ಈಗ ಅತ್ತೆಯ ಮೇಲಿದ್ದದ್ದಕ್ಕಿಂತ ಅವನ ಮೇಲೆ ಹೆಚ್ಚಾಗಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಅತ್ತೆ ಇಕ್ಕಳದಲ್ಲಿ ಇಟ್ಟಿಗೆ ಹಿಡಿದು ಒಳಗೆ ಬಂದರು.

"ಅವನು ಬೇಡ ಅಂತಾನೆ. ಇವತ್ತಿಂದ ಇದು ನಿನಗೆ. ಮಲಗು. ಹೊಟ್ಟೆ ಮೇಲೆ ಇಡ್ತೀನಿ, ಒಂದು ಸುತ್ತು ಬಟ್ಟೆ ಸಾಕು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತು ಬಾಗಿಲಲ್ಲೇ ನಿಂತಿತ್ತು. ಸೊಸೆ ಅವನನ್ನೇ ನೋಡಿದಳು. ಅವನು ನೆಲ ನೋಡಿದ. ಅವಳು ಚಾಪೆಯ ಮೇಲೆ ಮಲಗಿದಳು. ವಿಧೇಯತೆಯೇನಲ್ಲ, ಇವನು ಎಲ್ಲಿಯವರೆಗೆ ಸುಮ್ಮನಿರುತ್ತಾನೆ, ನೋಡಿಯೇ ಬಿಡೋಣ ಎಂಬ ಹಟ. ಅತ್ತೆ ಬಗ್ಗಿದರು. ಸೀರೆಯ ಮೇಲಿಂದಲೇ ಕಾವು ತಟ್ಟಿ ಅವಳು ಹಲ್ಲು ಕಚ್ಚಿದಳು.

"ಅಮ್ಮಾ, ಬೇಡ!" ಗಂಡ ನುಗ್ಗಿ ಇಕ್ಕಳವನ್ನು ತಳ್ಳಿದ. ಇಟ್ಟಿಗೆ ನೆಲಕ್ಕೆ ಬಿದ್ದು ಎರಡಾಯಿತು. "ಅವಳಿಗೇನೂ ಆಗಿಲ್ಲ. ತೊಂದ್ರೆ ನನ್ನಲ್ಲಿದೆ. ಡಾಕ್ಟ್ರು ಹೇಳಿದ್ದಾರೆ."

ಅತ್ತೆ ಮಗನ ಮುಖವನ್ನೂ ಸೊಸೆಯ ಮುಖವನ್ನೂ ನೋಡಿದರು. ನಂಬಿದರು, ಅದು ಅವರ ಕಣ್ಣಲ್ಲೇ ಕಂಡಿತು. ಆಮೇಲೆ ಹೋಗಿ ಬೀದಿ ಬಾಗಿಲು ಮುಚ್ಚಿ ಬಂದು ದನಿ ತಗ್ಗಿಸಿದರು.

"ಆಯ್ತು. ಮನೇಲಿ ಗೊತ್ತಾಯ್ತಲ್ಲ, ಅಲ್ಲಿಗೇ ಮುಗೀತು. ಹೊರಗಡೆ ಅವಳ ಹೆಸರಲ್ಲೇ ಇರ್ಲಿ. ಹೆಂಗಸಿಗೆ ಅದೇನು ದೊಡ್ಡದಲ್ಲ."

ಸೊಸೆ ಎದ್ದು ಕೂತಳು. ಇಟ್ಟಿಗೆಗಿಂತ ಈ ಮಾತೇ ಹೆಚ್ಚು ಸುಟ್ಟಿತು. "ನನಗೆ ದೊಡ್ಡದೇ ಅತ್ತೆ" ಎಂದಳು. ನಾಲ್ಕು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅತ್ತೆಯ ಫೋನು ಹೊಡೆದುಕೊಂಡಿತು. ಅವರ ತಂಗಿ. ವಾರಕ್ಕೊಮ್ಮೆ ಅದೇ ಪ್ರಶ್ನೆ ಕೇಳುವ ಹೆಂಗಸು, ಕೇಳಿದ್ದನ್ನು ಸಂಜೆಯೊಳಗೆ ಊರಿಗೆಲ್ಲ ಹಂಚುವವಳು.

"ಏನಕ್ಕಾ, ಸೊಸೆ ಹೇಗಿದ್ದಾಳೆ? ಏನಾದ್ರೂ ವಿಶೇಷ?"

ಅತ್ತೆ ಉಸಿರೆಳೆದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಮಗ ಅವರ ಕೈಯಿಂದ ಫೋನು ತೆಗೆದುಕೊಂಡ. ಹೆಂಡತಿಯ ಕಡೆ ನೋಡುವ ಧೈರ್ಯ ಇನ್ನೂ ಬಂದಿರಲಿಲ್ಲ.

"ಚಿಕ್ಕಮ್ಮಾ, ನಾನು. ಇನ್ಮೇಲೆ ಆ ಪ್ರಶ್ನೆ ನನ್ನನ್ನ ಕೇಳಿ" ಎಂದ.