ಉದಗೀರದ ತನಕ ಸಾಕಾಗುವ ನೀರು

ಉಗಿಬಂಡಿಯ ಆಟವನ್ನು ‘ಸುಲಭ’ಕ್ಕಿಟ್ಟು ಆಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಕಂಪ್ಯೂಟರ್ ಆಟದಲ್ಲಿ ಎರಡು ಬಗೆ. ‘ಸುಲಭ’ ಒತ್ತಿದರೆ ಕಲ್ಲಿದ್ದಲು ಮುಗಿಯುವುದಿಲ್ಲ, ನೀರು ಇಳಿಯುವುದಿಲ್ಲ. ಬೀದರಿನಿಂದ ದಿಲ್ಲಿಯ ತನಕ ಓಡಿಸಿದರೂ ಟ್ಯಾಂಕು ತುಂಬಿಯೇ ಇರುತ್ತದೆ. ‘ನಿಜ’ ಒತ್ತಿದರೆ ಪ್ರತಿ ಏರಿಗೂ, ಸೀಟಿ ಊದಿದಾಗಲೆಲ್ಲ ನೀರು ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಕೂತು ಮುಗಿಯದ ನೀರಿನ ಆಟ ಆಡಲು ಮನಸ್ಸಾದರೂ ಹೇಗೆ ಬರುತ್ತದೆಯೋ, ನಾ ಕಾಣೆ.

ನಾನು ಶಾಲುಬಾಯಿ, ಬೀದರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಲವತ್ತು ದಾಟಿದವಳಿಗೆ ಇದೇನು ಹುಡುಗಾಟ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ೨೦೧೬ರ ಬೇಸಿಗೆಯ ರಜೆಯಲ್ಲಿ, ಟ್ಯಾಂಕರ್ ದಾರಿ ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲದಾಗ, ಬೀದರ–ಭಾಲ್ಕಿ–ಉದಗೀರದ ಹಳಿಯನ್ನು ಆ ಆಟದೊಳಗೆ ನಾನೇ ಕಟ್ಟಿದೆ. ಬೀದರಿನಿಂದ ಮಾಂಜ್ರಾ ನದಿಯ ತನಕ ಇಳಿಜಾರು, ಆಮೇಲೆ ಏರು, ಇಂಥಲ್ಲಿ ತಿರುವು, ಎಲ್ಲವನ್ನೂ ಹೇಳಿಕೊಟ್ಟವರು ನಮ್ಮಪ್ಪ ವೈಜಿನಾಥ. ಅಪ್ಪ ಆ ದಾರಿಯಲ್ಲೇ ಫೈರ್‌ಮನ್ ಆಗಿದ್ದವರು. ಒಲೆಗೆ ಕಲ್ಲಿದ್ದಲು ಹಾಕುವುದು, ಎಂಜಿನ್ನಿನ ಹಿಂದಿನ ಟೆಂಡರಿನಲ್ಲಿ ನೀರು ಎಷ್ಟಿದೆ ನೋಡುವುದು ಅವರ ಕೆಲಸ. ಓಡಿಸುತ್ತಿದ್ದ ಡ್ರೈವರ್ ಮಹಮ್ಮದ ಇಸ್ಮಾಯಿಲ, ನನಗೆ ಚಾಚಾ.

ಚಾಚಾಗೆ ಈಗ ಎಂಬತ್ತು. ಇಬ್ಬರೂ ಬೀದರಿನಲ್ಲೇ ಇದ್ದಾರೆ. ದಿನ ಬಿಟ್ಟು ದಿನ ಚಾಚಾ ನಮ್ಮ ಮನೆಗೆ ಚಹಾಕ್ಕೆ ಬರುತ್ತಾರೆ. ಅವ್ವ ತೀರಿಕೊಂಡಾಗ ಮೂರು ದಿನ ಅನ್ನ ಮುಟ್ಟದ ಅಪ್ಪನಿಗೆ ಗದರಿಸಿ ಉಣಿಸಿದವರು ಅವರೇ. ಅವರಿಲ್ಲದ ಅಪ್ಪನನ್ನು ನಾನು ಊಹಿಸಲಾರೆ. ಆದರೆ ಅವರ ಒಂದು ಮಾತು ಕೇಳಿ ಕೇಳಿ ನನಗೆ ರೋಸಿಹೋಗಿತ್ತು: “ನನ್ನ ಕೈ ಭಾರ ಬೇಟಿ.” ಸ್ಕೂಟರ್ ಕಲಿಯಲಿಲ್ಲ, ಕೈ ಭಾರ. ಮೊಮ್ಮಗಳಿಗೆ ಸೈಕಲ್ ಕಲಿಸಲಿಲ್ಲ, ಕೈ ಭಾರ. ಕಡೆಗೆ ರೇಡಿಯೋದ ಗುಂಡಿ ತಿರುಗಿಸಲೂ ಅಜೀಜಾ ಚಾಚಿಯೇ ಬರಬೇಕು.

ಇದಕ್ಕೆ ಕಾರಣ ಒಂದೇ ಒಂದು ದಿನ. ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಿತ್ತು. ಮರುವರ್ಷದ ಬೇಸಿಗೆಯಲ್ಲಿ ಬೀದರಿನಲ್ಲೂ ಟೆಂಡರ್ ಪೂರ್ತಿ ತುಂಬಿಸುತ್ತಿರಲಿಲ್ಲ. ಎರಡು ಸಾವಿರ ಗ್ಯಾಲನ್ ಕೊಟ್ಟು, ಮುಂದಿನ ನೀರು ಉದಗೀರದಲ್ಲಿ ಎನ್ನುತ್ತಿದ್ದರು. ಆ ದಿನ ಉದಗೀರ ಇನ್ನೂ ನಾಲ್ಕು ಮೈಲಿ ಇರುವಾಗ ಚಾಚಾನ ಬಂಡಿಯ ನೀರು ಮುಗಿಯಿತು. ಬಾಯ್ಲರ್ ಸುಟ್ಟೀತೆಂದು ಒಲೆಯ ಬೆಂಕಿ ಕೆಳಗೆಳೆದು ಹಾಕಿ, ಚಾಚಾ, ಅಪ್ಪ ಇಬ್ಬರೂ ಬಿಸಿಲಿನಲ್ಲಿ ನಾಲ್ಕು ತಾಸು ನಿಂತರು. ವಿಚಾರಣೆಗೆ ಬಂದ ಸಾಹೇಬರು, ಈ ಡ್ರೈವರನ ಕೈ ಭಾರ, ಉಗಿ ದಂಡ ಮಾಡುತ್ತಾನೆ ಎಂದು ಬರೆದರು. ಅಲ್ಲಿಂದ ನಿವೃತ್ತಿಯ ತನಕ ಚಾಚಾ ಯಾರ್ಡಿನಲ್ಲಿ ರೈಲಿನ ಡಬ್ಬಿಗಳನ್ನು ಹಿಂದೆ ಮುಂದೆ ತಳ್ಳುತ್ತ ಉಳಿದರು. ಸಾಹೇಬರು ಬರೆದದ್ದನ್ನು ಅವರು ನಂಬಿಬಿಟ್ಟರು.

ನನಗೋ ಹಟ. ಆ ದಿನದ ಬಂಡಿಯನ್ನೇ ಆಟದಲ್ಲಿ ಓಡಿಸಿ, ಕೈ ಎಷ್ಟು ಭಾರವಾದರೆ ನೀರು ಮುಗಿಯುತ್ತದೆ ನೋಡೋಣ ಎಂದು ಕೂತೆ. ಅಷ್ಟೇ ಡಬ್ಬಿ, ಎರಡು ಸಾವಿರ ಗ್ಯಾಲನ್, ‘ನಿಜ’. ಮೊದಲ ಸಲ ಉದಗೀರಕ್ಕೆ ಬಂದಾಗ ಆರುನೂರು ಗ್ಯಾಲನ್ ಉಳಿದಿತ್ತು. ಎರಡನೆಯ ಸಲ ಬೇಕೆಂದೇ ಕೆಟ್ಟದಾಗಿ ಓಡಿಸಿದೆ; ಮುನ್ನೂರು ಉಳಿಯಿತು. ಐದನೆಯ ಸಲ ಕತ್ತೆ ಓಡಿಸಿದ ಹಾಗೆ ಓಡಿಸಿದೆ. ಆಗಲೂ ನೂರು ಉಳಿಯಿತು. ನನ್ನ ತಲೆ ಕೆಟ್ಟುಹೋಯಿತು.

“ಅಪ್ಪಾ, ನೀವು ಹೇಳಿದ ಲೆಕ್ಕ ತಪ್ಪು ಅದ, ಇಲ್ಲಾ ಈ ಆಟ ಖೊಟ್ಟಿ ಅದ,” ಎಂದೆ.

ಅಪ್ಪ ಪರದೆಯನ್ನು ಬಹಳ ಹೊತ್ತು ನೋಡಿದರು. “ಆಟ ಖರೇನ ಅದ,” ಎಂದು ಕೆಳಗೆ ಕೂತುಬಿಟ್ಟರು.

ಆಮೇಲೆ ಹೇಳಿದರು. ಆ ದಿನ ಎದುರಿನ ಗೂಡ್ಸ್ ಗಾಡಿಗಾಗಿ ಭಾಲ್ಕಿಯಲ್ಲಿ ಒಂದು ತಾಸು ನಿಂತಿದ್ದರಂತೆ. ಹಿಂದಿನ ದಿನವೆಲ್ಲ ಡ್ಯೂಟಿ ಮಾಡಿದ್ದ ಚಾಚಾ ಇಳಿದು ಹೋಗಿ ಸ್ಟೇಶನ್ನಿನ ಬೆಂಚಿನ ಮೇಲೆ ನಿದ್ದೆ ಹೋದರು. ಔರಾದ ಕಡೆಯಿಂದ ನಡೆದು ಬಂದ ಮಂದಿ, ಮುಂಬಯಿಗೆ ದುಡಿಯಲು ಹೊರಟವರು, ಗಂಟುಮೂಟೆ ಹೊತ್ತು ಹಳಿಯ ಆಚೆ ಕೂತಿದ್ದರು. ಸ್ಟೇಶನ್ನಿನ ಬಾವಿ ಬತ್ತಿತ್ತು. ಅವರಲ್ಲಿ ಅಪ್ಪನ ಊರು ಠಾಣಾ ಕುಶನೂರದವರೂ ಇದ್ದರು. ಅಪ್ಪನ ಚಿಕ್ಕಮ್ಮ ಜಿಜಾಬಾಯಿ ಕೂಸನ್ನು ಎತ್ತಿಕೊಂಡು ಬಂದು, ಏನೂ ಕೇಳದೆ ಎಂಜಿನ್ನಿನ ಕೆಳಗೆ ನಿಂತಳು.

“ಟೆಂಡರಿನ ನಳ ಬಿಟ್ಟೆ. ಒಂದು ಕೊಡ ಅಂತ ಬಿಟ್ಟೆ. ಸಾಲು ಹಚ್ಚಿಬಿಟ್ರು. ಹ್ಯಾಂಗ ಬಂದ್ ಮಾಡ್ಲಿ?”

“ಚಾಚಾ ಕೇಳ್ಲಿಲ್ಲೇನು, ನೀರು ಎಷ್ಟದ ಅಂತ?”

“ಕೇಳಿದ್ರು. ಉದಗೀರ ತನಕ ಸಾಕಾಗ್ತದ ಉಸ್ತಾದ್ ಅಂದೆ. ಸಾಕಾಗ್ತದಂತ ನಾನೂ ತಿಳಿದಿದ್ದೆ.” ಅಪ್ಪ ಮುಖ ಒರೆಸಿಕೊಂಡರು. “ನೌಕರಿಗಿ ಸೇರಿ ಆರು ತಿಂಗಳಾಗಿತ್ತು. ನಮ್ಮ ಓಣಿಯೊಳಗ ಮೊದಲನೇ ನೌಕರಿ. ಸಾಹೇಬರ ಮುಂದ ಬಾಯಿ ಬಿಡಲಿಲ್ಲ. ಆಮ್ಯಾಲ ಹೇಳಬೇಕಂದಾಗೆಲ್ಲ, ಅವರು ಬರೋದು ಬಿಟ್ರ ನಾ ಏನು ಮಾಡ್ಲಿ ಅಂತ ಅಂಜಿಕಿ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೀರು ಕೊಟ್ಟದ್ದಕ್ಕಲ್ಲ, ಒಬ್ಬ ಮನುಷ್ಯ ನಲವತ್ಮೂರು ವರ್ಷ ತನ್ನ ಕೈಯನ್ನೇ ಬೈದುಕೊಳ್ಳುವುದನ್ನು ನೋಡುತ್ತ ಚಹಾ ಕುಡಿದದ್ದಕ್ಕೆ. ಹಾಗೆಂದು ಮುಖದ ಮೇಲೆ ಅಂದೂ ಬಿಟ್ಟೆ.

ಮರುದಿನ ಸಂಜೆ ಚಾಚಾ ಬಂದಾಗ, ಆಟದಲ್ಲಿ ಆ ದಿನದ ಬಂಡಿಯನ್ನೇ ಇಟ್ಟು, ಕೈ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದೆ. ಬೇಡ ಬೇಟಿ, ಕೆಟ್ಟೀತು ಎಂದರು. ಬಿಡಲಿಲ್ಲ. ಯಾವ ಬಟನ್ನಿಗೆ ಏನು ಎಂದು ತಿಳಿದ ಮೇಲೆ ಅವರು ನನ್ನನ್ನು ಮರೆತರು. ಇಳಿಜಾರಿನಲ್ಲಿ ಉಗಿ ಪೂರ್ತಿ ಬಂದ್ ಮಾಡಿ ಬಂಡಿಯನ್ನು ತಾನಾಗಿ ಹರಿಯಬಿಟ್ಟರು. ಏರಿಗೆ ಮೊದಲೇ ಓಟ ಕೂಡಿಸಿಟ್ಟರು. ಅಪ್ಪ ಬಾಗಿಲಿನಲ್ಲಿ ನಿಂತಿದ್ದರು, ಒಳಗೆ ಬರುವ ಧೈರ್ಯವಿರಲಿಲ್ಲ. ಉದಗೀರದಲ್ಲಿ ನಿಂತಾಗ ಎಂಟುನೂರ ಐವತ್ತು ಗ್ಯಾಲನ್ ಉಳಿದಿತ್ತು, ನನಗಿಂತ ಇನ್ನೂರೈವತ್ತು ಹೆಚ್ಚು.

“ಮುದುಕ ಅಂತ ಸುಲಭದ್ದು ಹಚ್ಚಿಕೊಟ್ಟೀ,” ಎಂದು ಚಾಚಾ ನಕ್ಕರು.

“ಇಲ್ರಿ ಚಾಚಾ. ನೋಡ್ರಿ, ನಿಜ ಅಂತ ಬರ್ದದ.”

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಆ ಅಂಕಿಯನ್ನು ನೋಡಿದರು. ಆಗ ಅಪ್ಪ ಬಾಗಿಲಿನಿಂದಲೇ ಹೇಳಿದರು, ಭಾಲ್ಕಿ, ಜಿಜಾಬಾಯಿ, ನಳ, ತಾವು ಮುಚ್ಚಿಟ್ಟದ್ದು, ಒಂದನ್ನೂ ಬಿಡದೆ.

ಚಾಚಾ ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದರು. ಗೇಟಿನ ತನಕ ಹೋದರು. ಅಪ್ಪ ಗೋಡೆ ಹಿಡಿದು ನಿಂತರು. ಹೋದರೆ ಇನ್ನು ಬರುವುದಿಲ್ಲ ಎಂದು ನನಗೂ ಅನ್ನಿಸಿತು. ಗೇಟಿನ ಹತ್ತಿರ ಅವರು ತಮ್ಮ ಬಲಗೈಯನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ತಿರುಗಿ ಬಂದರು. ಕಣ್ಣು ಕೆಂಪಾಗಿದ್ದವು. “ನೀರು ಕೊಟ್ಟಿ, ಛಲೋ ಮಾಡ್ದಿ,” ಎಂದು ಅಪ್ಪನಿಗೆ ಹೇಳಿದರು. “ನನ್ನ ಕೈ ನನಗ ವಾಪಸ್ ಕೊಡಲಿಲ್ಲ ನೋಡು. ಅದಕ್ಕ ಸಿಟ್ಟದ. ಇನ್ನೂ ಭಾಳ ದಿನ ಇರ್ತದ.”

“ಇರ್ಲಿ ಉಸ್ತಾದ್,” ಎಂದರು ಅಪ್ಪ.

ಚಾಚಾ ಮತ್ತೆ ಕುರ್ಚಿಯ ಮೇಲೆ ಕೂತು, ಬೀದರಿನಿಂದ ಹೊಸದಾಗಿ ಹಚ್ಚು ಎಂದು ನನಗೆ ಹೇಳಿದರು. ಪಕ್ಕದ ಸ್ಟೂಲನ್ನು ಕಾಲಿನಿಂದ ಅಪ್ಪನ ಕಡೆ ಸರಿಸಿದರು.

“ನಿಂತೀ ಯಾಕ? ಒಲಿಗಿ ಕೋಲ್ಸಾ ಹಾಕು. ಈ ಸಲ ಭಾಲ್ಕ್ಯಾಗ ನಾನೂ ಮಲಗಂಗಿಲ್ಲ.”

“ಯಾಕ್ರಿ ಚಾಚಾ, ಇವರ ಮ್ಯಾಲ ನಂಬಿಕಿ ಇಲ್ಲೇನು?” ಎಂದು ನಾನು ಕೇಳಿದೆ.

“ಅಷ್ಟು ಮಂದಿ ನೀರಿಗಿ ಸಾಲು ಹಚ್ಚಿ ನಿಂತಾರ,” ಎಂದರು ಚಾಚಾ. “ಇಂವ ಒಬ್ಬಾಂವ ಎಷ್ಟು ಕೊಡ ತುಂಬ್ತಾನ?”