ಅಗಸಿ ಕಲ್ಲಿನ ಕೋಲು

ನಾನು ಒಂದು ಕರಿಕಲ್ಲು. ಹುಟ್ಟಿದ್ದು ಪಡುವಣ ಗುಡ್ಡದಲ್ಲಿ, ನಿಂತಿರುವುದು ಕರಿಗೋಟೆಯ ಅಗಸಿಯಲ್ಲಿ, ಅಂದರೆ ಊರ ಹೆಬ್ಬಾಗಿಲಲ್ಲಿ. ಈ ಊರು ರಾಜಧಾನಿಯಾಗಿದ್ದಾಗ ಕಲ್ಲುಕುಟಿಗನೊಬ್ಬ ನನ್ನ ಮೈಮೇಲೆ ಆಳುದ್ದದ ಗೀರು ಕೊರೆದ. ಆ ಗೀರಿನ ಉದ್ದವೇ ಊರಿನ ಒಂದು ಕೋಲು. ಓಣಿ, ಬಾವಿ, ಪೇಟೆ ಎಲ್ಲವನ್ನೂ ನನ್ನಿಂದಲೇ ಅಳೆದರು. ನಾನಿಲ್ಲದೆ ಈ ಊರಿಗೆ ಆಕಾರವಿಲ್ಲ. ಇದು ಜಂಬವಲ್ಲ, ಇದ್ದದ್ದು.

ಆಳುವವರು ಬದಲಾದರು. ಒಬ್ಬ ನನಗೆ ಎಣ್ಣೆ ಹಚ್ಚಿಸಿದ, ಇನ್ನೊಬ್ಬ ಸುಣ್ಣ ಬಳಿಸಿದ, ಮತ್ತೊಬ್ಬ ಕುದುರೆ ಕಟ್ಟಿಸಿದ. ರಾಜಧಾನಿ ಸಣ್ಣ ಊರಾಯಿತು. ಅಳತೆ ಮಾತ್ರ ನನ್ನದೇ ಉಳಿಯಿತು. ಟೇಪು ಅವರವರದು, ಕಲ್ಲು ಊರಿನದು ಎನ್ನುತ್ತಾರೆ ಇಲ್ಲಿನವರು.

ಅವರಿಗೊಂದು ಕೆಟ್ಟ ಚಾಳಿಯೂ ಇದೆ. ಸುಗ್ಗಿ ಬಂದರೆ ಗೀರಿನ ತುದಿಗೆ ನೀರು ಚಿಮುಕಿಸಿ ಕುಡುಗೋಲು ಮಸೆಯುತ್ತಾರೆ. ಕೋಲಿನ ಕಲ್ಲಿಗೆ ಮಸೆದರೆ ಬೆಳೆ ಹೆಚ್ಚುತ್ತದೆಂಬ ನಂಬಿಕೆ. ತಲೆತಲಾಂತರ ಮಸೆದು ಗೀರು ಮೊದಲಿಗಿಂತ ಮೂರು ಬೆರಳು ಉದ್ದವಾಯಿತು. ಬಾಯಿದ್ದಿದ್ದರೆ ಬೈದು ಓಡಿಸುತ್ತಿದ್ದೆ.

ಅಗಸಿಯಿಂದ ಕಂದಕದವರೆಗೆ ನೇಕಾರ ಓಣಿ. ಗೋಡೆಗೆ ಗೋಡೆ ಅಂಟಿದ ಮನೆಗಳು, ಒಂದೊಂದೂ ಐದು ಕೋಲು ಅಗಲ. ಮೊದಲನೆಯ ಮನೆಯ ಕಾಡಪ್ಪ ಹಳೆಯದನ್ನು ಕೆಡವಿ ಹೊಸದು ಕಟ್ಟಲು ಹೊರಟ. ನನ್ನ ಗೀರಿಗೆ ಸರಿಯಾಗಿ ಹಗ್ಗ ಕತ್ತರಿಸಿ ಅಳೆದ. ಐದು ಕೋಲು ಪಕ್ಕದ ಬಾಳವ್ವನ ಮನೆಯೊಳಗೆ ಗೇಣು ದಾಟಿ ಹೋಯಿತು. ಅಲ್ಲಿ ಗೋಡೆಗೆ ತಾಗಿಯೇ ಅವಳ ಕುಣಿಮಗ್ಗ, ನೆಲ ತೋಡಿದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ. ಗಂಡ ತೀರಿದ ಮೇಲೆ ಅವಳ ಅನ್ನವೆಲ್ಲ ಅದರದೇ.

"ಗೋಡಿ ಸರಿಸಬೇಕಾಗತೈತಿ, ಯಕ್ಕಾ. ನಿನ್ನ ಮಗ್ಗದ ಕುಣಿ ನನ್ನ ಜಾಗಾದಾಗ ಐತಿ."

"ಅದು ನಮ್ಮತ್ತಿ ತೋಡಿಸಿದ ಕುಣಿ. ಆವಾಗ ನೀ ಹುಟ್ಟಿದ್ದಿಲ್ಲ."

"ಮತ್ತ ಕಲ್ಲು ಸುಳ್ಳು ಹೇಳತೈತೇನು?"

ನನ್ನ ಮೈ ಉರಿಯಿತು.

ಬಾಳವ್ವ ಅಳಲಿಲ್ಲ. ನನ್ನ ಬಳಿ ಬಂದು ಗೀರಿನ ಮೇಲೆ ಬೆರಳಾಡಿಸಿದಳು. ಉದ್ದಕ್ಕೂ ಉಳಿಯ ತರಿ ತರಿ ಗುರುತು; ತುದಿಯಲ್ಲಿ ಮಾತ್ರ ನುಣುಪು. ಅವಳಿಗೆ ಗೊತ್ತಾಯಿತು.

"ಆ ಹಗ್ಗ ಇಲ್ಲಿ ಕೊಡು, ತಮ್ಮಾ. ನನ್ನ ಐದು ಕೋಲೂ ನನಗ ಬೇಕಲ್ಲ."

ಕಾಡಪ್ಪನ ಐದು ಕೋಲು ಮುಗಿದಲ್ಲಿಂದ ತನ್ನ ಐದು ಕೋಲು ಅಳೆದಳು. ಅದು ಮೂರನೆಯ ಮನೆಯೊಳಗೆ ಎರಡು ಗೇಣು ಹೊಕ್ಕಿತು. ಆ ಮನೆಯವರು ಹಗ್ಗ ಕಸಿದುಕೊಂಡರು. "ಹಂಗಾದ್ರ ನಮ್ಮದೂ ಅಳೀರಿ." ಮನೆಯಿಂದ ಮನೆಗೆ ಹಗ್ಗ ಸರಿಯಿತು, ಹಿಂದೆ ಇಡೀ ಓಣಿ ನಡೆಯಿತು. ಕೊನೆಯದು ಕಾಡಪ್ಪನ ಮಾವನ ಮನೆ. ಅಷ್ಟರಲ್ಲಿ ಗೇಣಿಗೆ ಗೇಣು ಕೂಡಿ, ಆ ಮನೆಯ ಪಾಲು ಕಂದಕದ ನೀರಿಗೆ ಇಳಿದಿತ್ತು.

ಕಾಡಪ್ಪನ ಹೆಂಡತಿ ನಿಂಬೆವ್ವ ಸೆರಗು ಸಿಕ್ಕಿಸಿದಳು. "ನಮ್ಮವ್ವ ನೀರಾಗ ನಿಂತು ರೊಟ್ಟಿ ಬಡೀಬೇಕೇನು?"

"ಗೀರು ಉದ್ದ ಆಗೇತ್ರಿ, ಅಳಿಯಂದಿರ," ಎಂದ ಮಾವ. "ವರ್ಷಾ ವರ್ಷಾ ಕುಡುಗೋಲು ಮಸಿಯೋರು ನೀವ ಅಲ್ಲೇನು?"

ಓಣಿ ನಕ್ಕಿತು. ಕಾಡಪ್ಪ ಹಗ್ಗ ಸುತ್ತಿಕೊಂಡ. ಗೋಡೆ ಇದ್ದಲ್ಲೇ ಎದ್ದಿತು. ಉಳಿಯ ಗುರುತು ಮುಗಿಯುವಲ್ಲಿ ಬಾಳವ್ವ ಒಂದು ಅಡ್ಡಗೆರೆ ಹೊಡೆಸಿದಳು: ಕೋಲು ಇಲ್ಲಿಗೆ ಮುಗಿಯಿತು.

ಈಗ ಅಗಸಿಯ ಕಮಾನು ಬಿದ್ದಿದೆ, ನಾನೂ ವಾಲಿದ್ದೇನೆ. ವಾಲಿದರೇನು, ನನ್ನ ಕೋಲು ನೆಟ್ಟಗಿದೆ. ಗೋಡೆಗೆ ಗೋಡೆ ಕೊಟ್ಟು ನಿಂತ ಊರು ಇದು. ಒಬ್ಬ ಗೇಣು ಜರುಗಿದರೆ ಕೊನೆಯವನು ನೀರಿಗೆ ಬೀಳುತ್ತಾನೆ.

ಈ ಸುಗ್ಗಿಗೂ ಕಾಡಪ್ಪ ಕುಡುಗೋಲು ತಂದ. ಅಡ್ಡಗೆರೆ ನೋಡಿದ. ಗೋಡೆಯಾಚೆ ಬಾಳವ್ವನ ಮಗ್ಗ ಬಡಿಯುತ್ತಿತ್ತು. ಬೇರೆ ಕಲ್ಲು ಹುಡುಕಿಕೊಂಡು ಹೋದ.