ಕಮಲಾದೇವಿಯ ಅಡುಗೆ ಕೆಲಸ

ದಿನಾ ಬೆಳಿಗ್ಗೆ ಹತ್ತಕ್ಕೆ ಕಮಲಾದೇವಿ ಮನೆಯಿಂದ ಹೊರಡುವಾಗ ಅವಳ ಚೀಲದಿಂದ ಒಂದು ಉದ್ದನೆಯ ಸೌಟು ಹೊರಗೆ ಇಣುಕುತ್ತಿತ್ತು. ಕುಮಾರಸ್ವಾಮಿ ಲೇಔಟಿನ ಆ ಬೀದಿಗೆಲ್ಲ ಅವಳು ಕೇಟರಿಂಗ್‌ನವಳು. ಮಡಿವಾಳದ ಲಾಡ್ಜಿನಲ್ಲಿ ಗಿರಾಕಿಗಳಿಗಾಗಿ ಕಾಯುವ ಅವಳ ದಂಧೆಗೆ ಸೌಟು ಬೇಕಿರಲಿಲ್ಲ. ಬಾಡಿಗೆ ಮನೆ ಉಳಿಸಿಕೊಳ್ಳುವುದಕ್ಕೆ ಬೇಕಿತ್ತು. ನಿಜ ಬಯಲಾಗಿ ಎರಡು ವರ್ಷದಲ್ಲಿ ಮೂರು ಮನೆ ಬಿಟ್ಟಿದ್ದಳು.

ಈ ನಾಲ್ಕನೆಯದನ್ನು ಬಿಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಮನೆಯೊಡತಿ ಮುನಿಲಕ್ಷ್ಮಮ್ಮ ನಲ್ಲಿ ನೀರು ನಿಲ್ಲುವ ಮುಂಚೆ ಮಹಡಿಯ ಮನೆಯಲ್ಲಿದ್ದ ಅವಳಿಗೆ ಕೇಳುವಂತೆ ಕೂಗಿ ಎಚ್ಚರಿಸುತ್ತಿದ್ದರು, ಮಳೆ ಹನಿದರೆ ಅವಳ ಬಟ್ಟೆಯನ್ನೂ ತೆಗೆದು ಮಡಿಸಿಡುತ್ತಿದ್ದರು.

ಒಂದು ಶನಿವಾರ ಅದೇ ಮುನಿಲಕ್ಷ್ಮಮ್ಮ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು.

“ಕಮಲಾ, ನಾಳೆ ನನ್ನ ಮಗಳ ಸೀಮಂತ, ಅಡುಗೆ ಭಟ್ರು ಕೈ ಕೊಟ್ರು ಕಣವ್ವ! ಮೂವತ್ತು ಎಲೆ. ನೀನಿದ್ದೀಯಲ್ಲ, ನಂಗೇನು ಭಯ?”

ಅನ್ನಕ್ಕೆ ಎಷ್ಟು ನೀರಿಡಬೇಕೆಂಬ ಅಂದಾಜೂ ಇಲ್ಲದ ಕಮಲಾದೇವಿ ಧೈರ್ಯವಾಗಿ ತಲೆಯಾಡಿಸಿದಳು. ಅವರು ಇಳಿದು ಹೋದದ್ದೇ ತಡ, ಜೊತೆ ಕೆಲಸದ ಶಾಲಿನಿಗೂ ರುದ್ರಮ್ಮನಿಗೂ ಫೋನ್ ಮಾಡಿದಳು.

“ನಾನು ನಮ್ಮೂರಲ್ಲಿ ಟೈಲರ್ ಅಂತ ಹೇಳಿರೋಳು ಕಣೇ,” ಎಂದಳು ಶಾಲಿನಿ. “ಬೇಕಾದ್ರೆ ಬಾಳೆಲೆಗೆ ಅಂಚು ಹೊಲಿದು ಕೊಡ್ತೀನಿ.”

“ನಾನು ಆಸ್ಪತ್ರೆ ಆಯಾ ಅಂತ ಹೇಳಿದೀನಿ,” ಎಂದಳು ರುದ್ರಮ್ಮ. “ಉಂಡು ಬಿದ್ದೋರನ್ನ ನಾನು ನೋಡ್ಕೋತೀನಿ, ಬಿಡು.”

ಬೈದುಕೊಂಡೇ ಇಬ್ಬರೂ ನಸುಕಿಗೇ ಬಂದರು. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಮೂವರೂ ತಾರಸಿಯ ಮೇಲೆ ಒಲೆ ಹಚ್ಚಿದರು. ಹುಳಿ ತಳ ಹಿಡಿದು ಸೀದುಹೋಯಿತು. ಪಾಯಸದಲ್ಲಿ ಸಿಕ್ಕಿಕೊಂಡ ಚಮಚವನ್ನು ಇಬ್ಬರು ಸೇರಿ ಕಿತ್ತರು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು; ಹೊಗೆಯಿಂದಲೂ ಇದ್ದೀತು.

ಮಧ್ಯಾಹ್ನ ಅಲ್ಲೇ ತಾರಸಿಯಲ್ಲಿ ಹುಳಿ ಬಡಿಸುತ್ತ ಹೋದ ಕಮಲಾದೇವಿ ಪಂಕ್ತಿಯ ಕೊನೆಯ ಎಲೆಯ ಮುಂದೆ ಗಕ್ಕನೆ ನಿಂತಳು. ಕೂತಿದ್ದವನು ಮುನಿಲಕ್ಷ್ಮಮ್ಮನ ತಮ್ಮ ವೆಂಕಟಾಚಲ, ತಿಂಗಳಿಗೆರಡು ಸಲ ತಪ್ಪದೆ ಲಾಡ್ಜಿಗೆ ಬರುವ ಗಿರಾಕಿ. ಹೊರಗೆ ಸಿಕ್ಕ ಗಿರಾಕಿಯ ಗುರುತು ಹಿಡಿಯಬಾರದೆಂಬುದು ಅವರ ದಂಧೆಯ ಕಟ್ಟುಪಾಡು. ಅದನ್ನು ಅವಳು ಮುರಿಯಲಿಲ್ಲ.

“ಅಣ್ಣ, ಹುಳಿ ಹಾಕ್ಲಾ?”

ಆದರೆ ಕಟ್ಟುಪಾಡು ವೆಂಕಟಾಚಲನಿಗೆ ಗೊತ್ತಿರಬೇಕಲ್ಲ! ಅವಳು ಎಲ್ಲಿ ಬಾಯಿ ಬಿಡುತ್ತಾಳೋ ಎಂದು ಬೆವರಿದವನು, ಹೇಗಾದರೂ ಅವಳನ್ನು ಖುಷಿಯಾಗಿಡಬೇಕೆಂದು, ಬಡಿಸಿದ ಹುಳಿ ಬಾಯಿಗಿಟ್ಟದ್ದೇ ಕೂಗಿಯೇ ಬಿಟ್ಟ.

“ಆಹಾ! ಸಖತ್ತಾಗಿದೆ! ಇಂಥಾ ಹುಳಿ ನಾನು ಹುಟ್ಟಿದಾಗಿನಿಂದ ತಿಂದಿಲ್ಲ!”

ಮೆಲ್ಲಗೆ ಹುಳಿಯನ್ನು ಎಲೆಯ ಅಂಚಿಗೆ ತಳ್ಳುತ್ತಿದ್ದ ಇಡೀ ಪಂಕ್ತಿ ಅವನತ್ತ ತಿರುಗಿತು. ಅವನು ನಾಲ್ಕು ಸಲ ಹಾಕಿಸಿಕೊಂಡು ಉಂಡ. ರುದ್ರಮ್ಮ ನೀರಿನ ಟ್ಯಾಂಕಿನ ಹಿಂದೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡಳು.

ನೆಂಟರೆಲ್ಲ ಹೋದ ಮೇಲೆ ಮುನಿಲಕ್ಷ್ಮಮ್ಮ ಕಮಲಾದೇವಿಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

“ನಮ್ಮ ವೆಂಕಟಾಚಲ ನಮ್ಮವ್ವನ ಕೈ ಅಡುಗೇಗೂ ಹೆಸರಿಟ್ಟೋನು. ಇವತ್ತು ಆ ಸೀದ ಹುಳೀನ ಹೊಗಳಿದ್ದೇ ಹೊಗಳಿದ್ದು. ಅವನು ಮಡಿವಾಳಕ್ಕೆ ಯಾಕೆ ಹೋಗ್ತಾನೆ ಅಂತ ನಂಗೊತ್ತು. ನೀನೂ ದಿನಾ ಮಡಿವಾಳದ ಬಸ್ಸೇ ಹತ್ತೋದು.”

ಕಮಲಾದೇವಿಯ ನಗು ಇಂಗಿತು. “ನಾಳೇನೇ ಮನೆ ಖಾಲಿ ಮಾಡ್ತೀನಮ್ಮ.”

“ಖಾಲಿ ಮಾಡು ಅಂದ್ನಾ ನಾನು? ಇರೋ ಹಾಗಿದ್ರೆ ಒಂದು ಮಾತು ನಡೆಸ್ಕೊಡು. ಅಡುಗೆ ಕೆಲಸದೋಳು ಅಂತ ಇನ್ಮೇಲೆ ಯಾರ ಹತ್ರಾನೂ ಹೇಳ್ಬೇಡ. ಇವತ್ತು ಉಂಡೋರು ಬೀದೀಲಿ ನನ್ನ ಮಾನ ಕಳೀತಾರೆ. ಬೇರೆ ಏನಾದ್ರೂ ಹೇಳ್ಕೋ, ನಾನೂ ಹೌದು ಅಂತೀನಿ.”

ಬಾಗಿಲಾಚೆ ಕದ್ದು ಕೇಳುತ್ತಿದ್ದ ಶಾಲಿನಿ ಕಿಸಕ್ಕನೆ ನಕ್ಕಳು.

“ನೀವಿಬ್ರೂ ಬನ್ರವ್ವ ಒಳಗೆ,” ಎಂದು ಮುನಿಲಕ್ಷ್ಮಮ್ಮ ನಾಲ್ಕು ತಟ್ಟೆ ಇಟ್ಟರು. “ಹೋಟ್ಲಿಂದ ಇಡ್ಲಿ ತರಿಸಿದೀನಿ. ಬೆಳಿಗ್ಗೆಯಿಂದ ನೀವೂ ಏನೂ ತಿಂದಿಲ್ಲ, ನಾನೂ ತಿಂದಿಲ್ಲ.”